ಎದುರುಮನೆಯ ಎಲೆ, ನಮ್ಮನೆಯ ನೀರು

ಆ ಮನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಬೆಳ್ಳುಳ್ಳಿಯ ಒಂದು ಎಸಳೂ ಬಾಣಲೆಗೆ ಬಿದ್ದಿರಲಿಲ್ಲ. ಮೆಣಸಿನಕಾಯಿ ಹೊಸ್ತಿಲು ದಾಟಿರಲಿಲ್ಲ. ಈರುಳ್ಳಿಯನ್ನು ಬೇಯಿಸಬಹುದಿತ್ತು, ಹುರಿಯುವಂತಿರಲಿಲ್ಲ. ಮೈಯ ಸೋಪಿಗಾಗಲಿ ಬಟ್ಟೆಯ ಸೋಪಿಗಾಗಲಿ ವಾಸನೆ ಇರಕೂಡದು, ಪೌಡರಿನ ಡಬ್ಬ ಒಳಗೆ ಬರಕೂಡದು. ಸೊಳ್ಳೆಬತ್ತಿ ಹಚ್ಚುವಂತಿಲ್ಲವಾದ್ದರಿಂದ ನಾಲ್ವರೂ ಸೊಳ್ಳೆಪರದೆಯೊಳಗೆ ಮಲಗುತ್ತಿದ್ದರು. ಸೊಸೆ ಮದುವೆಯಾಗಿ ಬಂದ ಮೂರನೆಯ ದಿನ, ಅವಳು ತಲೆಗೆ ಹಚ್ಚಿಕೊಂಡಿದ್ದ ಘಮಘಮಿಸುವ ಎಣ್ಣೆಯನ್ನು ಅತ್ತೆ ತಾವೇ ನಿಂತು ಎರಡು ಸಲ ತೊಳೆಸಿದ್ದರು.

ಎಲ್ಲವೂ ಮಾವನ ನಾಲಿಗೆಗಾಗಿ. ಮಾವ ಚಹಾ ರಫ್ತು ಮಾಡುವ ಕಂಪನಿಯೊಂದರಲ್ಲಿ ರುಚಿ ನೋಡುವವರು. ಬೆಳಿಗ್ಗೆ ಏಳಕ್ಕೆ ಹೋದರೆ ಮಧ್ಯಾಹ್ನದೊಳಗೆ ಇನ್ನೂರು ಬಟ್ಟಲು ಚಹಾವನ್ನು ಚಮಚದಲ್ಲಿ ಸೊರ್ರೆಂದು ಹೀರಿ, ಬಾಯೊಳಗೆ ಒಂದು ಸುತ್ತು ತಿರುಗಿಸಿ, ಉಗಿದು, ಯಾವ ತೋಟದ ಎಲೆಯನ್ನು ಯಾವುದರ ಜೊತೆ ಬೆರೆಸಿ ಎಲ್ಲಿಗೆ ಕಳಿಸಬೇಕೆಂದು ಹೇಳುವುದು ಅವರ ಕೆಲಸ. ಕಂಪನಿಯ ಜನ ಎದುರಿಗೆ ಅವರನ್ನು ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ 'ನಾಲಿಗೆ' ಎನ್ನುತ್ತಿದ್ದರು. ಮೂಗೂ ಕಡಿಮೆಯದಲ್ಲ. ಪಕ್ಕದ ಮನೆಯವರು ಸೋಪು ಬದಲಾಯಿಸಿದ್ದನ್ನು ಗೇಟಿನ ಹತ್ತಿರ ನಿಂತೇ ಹೇಳಿಬಿಡುತ್ತಿದ್ದರು.

ಹೀಗಾಗಿ ಊಟವೆಂದರೆ ಅನ್ನ, ಉಪ್ಪು ಅರಿಸಿನ ಬಿದ್ದ ಬೇಳೆ, ಬೇಯಿಸಿದ ಸೋರೆಕಾಯಿ, ಒಂದು ಲೋಟ ಹಾಲು. ಮೋಟಾರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ ಮಧ್ಯಾಹ್ನ ಹೊರಗೆ ಖಾರ ತಿಂದು, ಸಂಜೆ ಅಂಗಡಿಯಲ್ಲೇ ಉಪ್ಪಿನಲ್ಲಿ ಹಲ್ಲುಜ್ಜಿಕೊಂಡು ಮನೆಗೆ ಬರುತ್ತಿದ್ದ. ಬಂದರಿಗೆ ಹೋಗುವ ಸರಕಿನ ಕಾಗದಪತ್ರ ಮಾಡುವ ಕಚೇರಿಯಲ್ಲಿ ಸೊಸೆಗೆ ಟೈಪಿಂಗ್ ಕೆಲಸ. ಅವಳ ಮೇಜಿನ ಎರಡನೆಯ ಡ್ರಾಯರಿನಲ್ಲಿ ಸ್ಟೇಪ್ಲರ್ ಪಿನ್ನಿನ ಡಬ್ಬದ ಹಿಂದೆ ಇನ್ನೊಂದು ಪುಟ್ಟ ಡಬ್ಬ ಇತ್ತು, ಅದರ ತುಂಬ ಮೆಣಸಿನಪುಡಿ. ಬೇರೆ ಎರಡು ಕೋಣೆಯ ಬಾಡಿಗೆ ಮನೆ ನೋಡೋಣ ಎಂದು ಅವಳು ಕೇಳಿದಾಗಲೆಲ್ಲ ಗಂಡ ಹೇಳುವುದು ಒಂದೇ ಮಾತು.

"ಅಪ್ಪ ರಿಟೈರ್ ಆಗಲಿ. ಇನ್ನೆರಡೇ ವರ್ಷ."

ಕಳೆದ ಕೆಲವು ತಿಂಗಳಿಂದ ಮಾವ ಊಟದ ಹೊತ್ತಿನಲ್ಲಿ ಮಾತು ಕಡಿಮೆ ಮಾಡಿದ್ದರು. ಕಾರಣವನ್ನು ಸೊಸೆ ತನ್ನ ಕಚೇರಿಯ ಕಾಗದಗಳಲ್ಲಿ ಕಂಡಿದ್ದಳು, ಅಥವಾ ಕಂಡೆನೆಂದುಕೊಂಡಿದ್ದಳು.

"ಈ ತಿಂಗಳು ನಿಮ್ಮ ಕಂಪನಿದು ಮೂರೇ ಕಂಟೇನರ್ ಮಾವ," ಎಂದಳು ಒಂದು ದಿನ, ಬೇಳೆ ಬಡಿಸುತ್ತ. "ಹೋದ ವರ್ಷ ಇದೇ ತಿಂಗಳು ಹನ್ನೊಂದು ಹೋಗಿತ್ತು."

"ಎದುರುಮನೆಯವರ ಕೆಲಸ," ಎಂದರು ಮಾವ.

ಎದುರುಮನೆ ಎಂದರೆ ಬೀದಿಯ ಆಚೆ ಬದಿಯ ಮನೆಯಲ್ಲ. ಸಮುದ್ರದ ಆಚೆ ಚಹಾ ಬೆಳೆಯುವ ಒಂದು ದೇಶ. ಇನ್ನೊಂದು ದೇಶಕ್ಕೆ ಮೂಲೆಮನೆ ಎಂದು ಹೆಸರು. ಇಷ್ಟು ವರ್ಷಗಳಲ್ಲಿ ಮಾವ ಆ ದೇಶಗಳ ನಿಜವಾದ ಹೆಸರನ್ನು ಮನೆಯಲ್ಲಿ ಎತ್ತಿದವರಲ್ಲ. ಎದುರುಮನೆಯಲ್ಲಿ ಈ ಸಲ ಎಲೆ ಚೆನ್ನಾಗಿ ಬಂದಿದೆಯಂತೆ, ಮೂಲೆಮನೆಯಲ್ಲಿ ಕೂಲಿಯವರು ಕೆಲಸ ನಿಲ್ಲಿಸಿದ್ದಾರಂತೆ ಎಂದು, ಬೇಲಿಯ ಮೇಲಿಂದ ಇಣುಕಿ ನೋಡಿ ಬಂದವರ ಹಾಗೆ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಸೊಸೆ ಒಂದು ವಾರ ಎದುರಿನ ಮನೆಯ ಮುದಿ ಟೈಲರನ್ನು ಅನುಮಾನದಿಂದಲೇ ನೋಡಿದ್ದಳು.

"ಅವರ ದುಡ್ಡಿನ ಬೆಲೆ ಬಿತ್ತು. ಅದೇ ಅವರಿಗೆ ಅನುಕೂಲ ಆಯ್ತು," ಎಂದರು ಮಾವ. "ಕಿಲೋಗೆ ಮೂವತ್ತು ಸೆಂಟು ಕಡಿಮೆಗೆ ಕೊಡ್ತಿದಾರೆ. ಮೇಲಿಂದ ಹಡಗಿನ ಬಾಡಿಗೇಲಿ ಅರ್ಧ ಅವರ ಸರ್ಕಾರವೇ ಕಟ್ಟುತ್ತೆ. ಕೊಳ್ಳೋರು ಆ ಕಡೆ ತಿರುಗದೆ ಏನು ಮಾಡ್ತಾರೆ?"

"ಎಲೆ ಬೇರೆ ಆದ್ರೆ ರುಚಿ ಬೇರೆ ಆಗಲ್ವಾ? ಅಲ್ಲಿ ಕುಡಿಯೋರಿಗೆ ಗೊತ್ತಾಗಲ್ವಾ?"

"ಗೊತ್ತಾಗಬಾರದು. ಅದಕ್ಕೇ ಪ್ರತಿ ಕಡೇನೂ ನನ್ನಂಥೋನು ಒಬ್ಬ ಇರ್ತಾನೆ. ಡಬ್ಬ ಅದೇ, ಹೆಸರು ಅದೇ, ರುಚಿ ಅದೇ. ಒಳಗಿನ ಎಲೆ ಯಾರ ಮನೇದು ಅಂತ ಕುಡಿಯೋನು ಯಾಕೆ ತಲೆ ಕೆಡಿಸ್ಕೋಬೇಕು?"

"ಅವನು ಕೆಡಿಸ್ಕೊಳ್ಳಲ್ಲ," ಎಂದ ಗಂಡ. "ನಾವು ಮಾತ್ರ ಆಸ್ಪತ್ರೆ ಊಟ ಮಾಡ್ಕೊಂಡು ಕೂತಿದೀವಿ."

"ನಿನ್ನ ಸ್ಕೂಲ್ ಫೀಸ್ ಕಟ್ಟಿದ್ದು ಇದೇ ನಾಲಿಗೆ ಕಣೋ."

"ನಿಮ್ಮದು ಕಟ್ಟಿತು ಅಪ್ಪ, ಇಲ್ಲ ಅನ್ನಲ್ಲ. ನನ್ನದೇನು ಪಾಪ ಮಾಡಿತ್ತು?"

"ಇಬ್ಬರೂ ಬಾಯಿ ಮುಚ್ಕೊಂಡು ಊಟ ಮಾಡಿ," ಎಂದರು ಅತ್ತೆ.

"ಬಾಯಿ ಮುಚ್ಕೊಂಡು ಹೇಗಮ್ಮ ಊಟ ಮಾಡೋದು?"

ಮಾವ ಹಾಲು ಕುಡಿದು ಎದ್ದರು.

ಮುಂದಿನ ವಾರ ಸೊಸೆಯ ಕಚೇರಿಯಲ್ಲಿ ಕರೆಂಟು ಕೈಕೊಟ್ಟು ಮಧ್ಯಾಹ್ನ ಹನ್ನೆರಡಕ್ಕೇ ಎಲ್ಲರನ್ನೂ ಮನೆಗೆ ಕಳಿಸಿದರು. ಅತ್ತೆ ಅಕ್ಕನ ಮನೆಗೆ ಹೋಗಿದ್ದರು, ಸಂಜೆ ಐದಕ್ಕೆ ಬರುವವರು. ಮಾವ ಬರುವುದು ನಾಲ್ಕಕ್ಕೆ. ಸೊಸೆ ದಾರಿಯಲ್ಲಿ ಒಂದು ಗಡ್ಡೆ ಬೆಳ್ಳುಳ್ಳಿ, ನಾಲ್ಕು ಒಣಮೆಣಸಿನಕಾಯಿ ಕೊಂಡಳು. ಎಲ್ಲ ಬಾಗಿಲು ಕಿಟಕಿ ತೆರೆದು, ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಕೆಂಪಗಾಗುವವರೆಗೆ ಹುರಿದು ಮೆಣಸಿನಕಾಯಿ ಮುರಿದು ಹಾಕಿದಳು. ತಣ್ಣನೆಯ ಅನ್ನಕ್ಕೆ ಕಲಸಿ ಒಲೆಯ ಮುಂದೆ ನಿಂತೇ ತಿನ್ನತೊಡಗಿದಳು. ಮೂರನೆಯ ತುತ್ತಿಗೆ ಗೇಟು ಕಿರುಗುಟ್ಟಿತು.

ಮಾವ. ಗಡಿಯಾರದಲ್ಲಿ ಎರಡೂವರೆ ಕೂಡ ಆಗಿರಲಿಲ್ಲ. ಮನೆಯಿಡೀ ಗಮ್ಮೆನ್ನುತ್ತಿತ್ತು, ಬೀದಿಯಲ್ಲಿ ಹೋಗುವವರೂ ಮೂಗರಳಿಸುವಷ್ಟು. ಸೊಸೆ ತಟ್ಟೆಯನ್ನು ಪಾತ್ರೆಗಳ ಹಿಂದೆ ತಳ್ಳಿ, ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಬಂದಳು. ಮಾತುಗಳನ್ನೆಲ್ಲ ನೆನೆಸಿಕೊಂಡಿದ್ದಳು: ತಪ್ಪಾಯಿತು ಮಾವ, ಇನ್ನೊಮ್ಮೆ ಮಾಡುವುದಿಲ್ಲ.

ಮಾವ ಚಪ್ಪಲಿ ಬಿಟ್ಟು ಅಡುಗೆಮನೆಯ ಪಕ್ಕದ ಕುರ್ಚಿಯಲ್ಲಿ ಕೂತರು.

"ಒಂದು ಲೋಟ ನೀರು ಕೊಡಮ್ಮಾ. ನಿಮ್ಮತ್ತೆ ಇನ್ನೂ ಬಂದಿಲ್ವಾ?"

"ಇಲ್ಲ ಮಾವ."

"ಇವತ್ತು ಇದ್ದಿದ್ದೇ ನಲವತ್ತು ಬಟ್ಟಲು. ಸುಮ್ಮನೆ ಕೂತು ಏನು ಮಾಡೋದು ಅಂತ ಬಂದ್ಬಿಟ್ಟೆ."

ಎರಡು ಸಲ ಕೆಮ್ಮಿದರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರು.

"ಹೊರಗೆ ಧೂಳು ಬಹಳ," ಎಂದರು. ನೀರು ಕುಡಿದು, ಅಲ್ಲೇ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

ಸೊಸೆ ಖಾಲಿ ಲೋಟ ಹಿಡಿದು ನಿಂತೇ ಇದ್ದಳು. ಬೈಗುಳಕ್ಕೆ ಸಿದ್ಧವಾಗಿ ಬಂದವಳಿಗೆ ಬೈಗುಳ ಬಾರದಿದ್ದುದು ಭಯ ಹುಟ್ಟಿಸಿತು.

ಐದಕ್ಕೆ ಅತ್ತೆ ಬಂದರು. ಹೊಸ್ತಿಲಲ್ಲೇ ಗಕ್ಕನೆ ನಿಂತರು. ಕುರ್ಚಿಯಲ್ಲಿ ನಿದ್ದೆ ಹೋಗಿದ್ದ ಗಂಡನನ್ನು ನೋಡಿದರು, ಸೊಸೆಯನ್ನು ನೋಡಿದರು. ಸೀದಾ ಅಡುಗೆಮನೆಗೆ ಹೋಗಿ ಬಾಣಲೆಯನ್ನು ಮೂಗಿಗೆ ಹಿಡಿದರು.

"ಸರಿಯಾಗಿ ಉಜ್ಜಿಲ್ಲ," ಎಂದರು ಮೆಲ್ಲಗೆ.

"ಅತ್ತೆ, ಮಾವನಿಗೆ ವಾಸನೆ..."

"ಹೂಂ."

"ಯಾವಾಗಿಂದ?"

"ಜ್ವರ ಬಂದು ಮಲಗಿದ್ರಲ್ಲ. ಅವತ್ತಿಂದ."

"ಅದಾಗಿ ಎಂಟು ತಿಂಗಳಾಯ್ತು."

"ಒಂಬತ್ತು."

"ನಿಮ್ಮ ಹತ್ರ ಹೇಳಿದ್ರಾ?"

"ಇಲ್ಲ. ನಾನೂ ಕೇಳಿಲ್ಲ." ಅತ್ತೆ ನಲ್ಲಿ ತಿರುಗಿಸಿ ಬಾಣಲೆಯನ್ನು ಮತ್ತೆ ಉಜ್ಜತೊಡಗಿದರು.

"ಮತ್ತೆ ಕಂಪನಿ ಕೆಲಸ ಹೇಗೆ ನಡೀತಿದೆ?"

ಅತ್ತೆ ಸೋಪಿನ ಕೈಯಿಂದಲೇ ಗೂಡಿನ ಕಡೆ ತೋರಿಸಿದರು. ಅಲ್ಲಿ ಕಂಪನಿಯ ಚೀಟಿ ಅಂಟಿಸಿದ ಪುಟ್ಟ ಪುಟ್ಟ ತಗಡಿನ ಡಬ್ಬಗಳು ಸಾಲಾಗಿದ್ದವು.

ಸಂಜೆ ಆರಕ್ಕೆ ಮಾವ ಅತ್ತೆ ಎದುರುಬದುರು ಕೂತು ಚಹಾ ಕುಡಿಯುವುದನ್ನು ಸೊಸೆ ತಿಂಗಳುಗಳಿಂದ ನೋಡಿದ್ದಳು. ವಯಸ್ಸಾದ ಮೇಲೆ ಹುಟ್ಟಿಕೊಂಡ ಅಕ್ಕರೆ ಎಂದುಕೊಂಡು ಆಗಾಗ ಗಂಡನಿಗೆ ತೋರಿಸಿ ಹಂಗಿಸಿದ್ದೂ ಉಂಟು. ಆ ದಿನ ಅವಳು ಬಟ್ಟೆ ಮಡಚುವ ನೆಪದಲ್ಲಿ ಅಲ್ಲೇ ಕೂತಳು. ಐದು ಬಟ್ಟಲು, ಐದರಲ್ಲೂ ಅಳತೆಗೆ ಸರಿಯಾಗಿ ಎಲೆ, ಕುದಿಯುವ ನೀರು, ಗಡಿಯಾರ ನೋಡಿ ಐದು ನಿಮಿಷ. ಮಾವ ಮೊದಲ ಬಟ್ಟಲಿನಿಂದ ಒಂದು ಚಮಚ ಹೀರಿ, ಬಣ್ಣ ನೋಡಿ, ಅದನ್ನು ಹೆಂಡತಿಯ ಕಡೆ ಸರಿಸಿದರು.

"ಏನಂತೀಯಾ?" ಎಂದರು, ಆಕಾಶ ನೋಡುತ್ತ ಮಳೆ ಬರುತ್ತದೋ ಏನೋ ಎನ್ನುವ ಧಾಟಿಯಲ್ಲಿ.

ಅತ್ತೆ ಅಕ್ಕಿಯ ಕಲ್ಲು ಆರಿಸುತ್ತ ಒಂದು ಗುಟುಕು ಕುಡಿದರು. "ಒದ್ದೆ ಗೋಣಿ," ಎಂದರು. "ಮೂಲೇಲಿ ಎರಡು ದಿನ ಬಿದ್ದಿದ್ದು."

ಮಾವ ಜೇಬಿನ ಪುಸ್ತಕದಲ್ಲಿ ಏನೋ ಬರೆದುಕೊಂಡರು.

"ಇದು?"

"ಇದು ಪರವಾಗಿಲ್ಲ. ನಾಲಿಗೆ ತುದಿ ಚುರ್ ಅನ್ನುತ್ತೆ. ಆಮೇಲೆ ಎಳೇ ಸೌತೆಕಾಯಿ ಸಿಪ್ಪೆ."

"ಇದು?"

"ಹಾಲು ತಳ ಹತ್ತಿದ ಪಾತ್ರೆ ತೊಳೆದ ನೀರು."

ಐದು ಬಟ್ಟಲೂ ಮುಗಿದವು. ಒಂದು ಸಲವೂ ಇಬ್ಬರ ಕಣ್ಣೂ ಸೇರಲಿಲ್ಲ. ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು. ಮಾವ ಪುಸ್ತಕ ಜೇಬಿಗಿಟ್ಟುಕೊಂಡು ಪೇಪರು ಬಿಡಿಸಿದರು.

ಆ ರಾತ್ರಿಯ ಊಟದಲ್ಲಿ ಸೋರೆಕಾಯಿ ನೋಡಿ ಗಂಡ ಎಂದಿನಂತೆ ನಿಟ್ಟುಸಿರು ಬಿಟ್ಟ. ಸೊಸೆಯ ಬಾಯಿಯ ತುದಿಗೆ ಒಂದು ಮಾತು ಬಂದಿತ್ತು. ಅದನ್ನು ಆಡಿದ್ದರೆ ನಾಳೆಯಿಂದ ಆ ಮನೆಯಲ್ಲಿ ಬೆಳ್ಳುಳ್ಳಿ ಹುರಿಯಬಹುದಿತ್ತು. ಮಾವನ ಕೆಲಸ ಮಾತ್ರ ಉಳಿಯುತ್ತಿರಲಿಲ್ಲ. ಅವಳು ಗಂಡನ ತಟ್ಟೆಗೆ ಇನ್ನೊಂದು ಸೌಟು ಸೋರೆಕಾಯಿ ಹಾಕಿದಳು.

ಹತ್ತು ದಿನದ ಮೇಲೆ ಮಾವ ಮನೆಗೆ ತಂದ ಡಬ್ಬ ಉಳಿದವುಗಳಂತಿರಲಿಲ್ಲ. ದೊಡ್ಡದು, ನೀಲಿಯದು, ಪರದೇಶದ್ದು. ಕಂಪನಿಯ ಎಲ್ಲಕ್ಕಿಂತ ದೊಡ್ಡ ಗಿರಾಕಿ ಕಳಿಸಿದ್ದು. ವಿಷಯವನ್ನು ಮಾವ ಊಟದ ಹೊತ್ತಿನಲ್ಲಿ ಬಿಡಿಸಿ ಹೇಳಿದರು. ಆ ಗಿರಾಕಿ ಅಲ್ಲಿನ ಅಂಗಡಿಗಳಲ್ಲಿ ಮಾರುವ ಚಹಾ ಇದೇ. ಈಗ ಇದರಲ್ಲಿ ಅರ್ಧಕ್ಕರ್ಧ ಎದುರುಮನೆಯ ಎಲೆ. ಅವರ ಷರತ್ತು ಇಷ್ಟು: ಬರೀ ನಿಮ್ಮ ಎಲೆಯಿಂದ, ಎದುರುಮನೆಯ ಬೆಲೆಗೆ, ಇದೇ ರುಚಿ ಕೊಟ್ಟರೆ ಒಂದು ವರ್ಷದ ಆರ್ಡರು ನಿಮಗೆ. ಇಲ್ಲವಾದರೆ ಇರುವ ಮೂರು ಕಂಟೇನರೂ ಇಲ್ಲ. ತಿಂಗಳ ಕೊನೆಗೆ ಅವರ ಮನುಷ್ಯನೇ ಬಂದು ಕುಡಿದು ನೋಡುತ್ತಾನೆ.

"ಆಗದೇ ಇದ್ರೆ?" ಎಂದ ಗಂಡ.

"ಆಗದೇ ಇದ್ರೆ ರುಚಿ ನೋಡೋ ಕೋಣೆಗೆ ಬೀಗ ಹಾಕ್ತೀನಿ ಅಂತ ಫೋನಲ್ಲಿ ಅಂದ್ರು ಮೇಡಂ. ಸುತ್ತಿ ಬಳಸಿ ಮಾತಾಡೋ ಹೆಂಗಸಲ್ಲ ಅದು." ಮೇಡಂ ಎಂದರೆ ಕಂಪನಿಯ ಯಜಮಾನರ ಮಗಳು. ತಂದೆ ಹಾಸಿಗೆ ಹಿಡಿದ ಮೇಲೆ ಅವಳೇ ಎಲ್ಲ ನೋಡಿಕೊಳ್ಳುತ್ತಿದ್ದಳು, ತಿಂಗಳ ಕೊನೆಯವರೆಗೆ ಹೊಸ ಗಿರಾಕಿಗಳನ್ನು ಹುಡುಕುತ್ತ ಪರದೇಶದಲ್ಲಿದ್ದಳು.

"ನಿಮ್ಮ ಕೈಲಿ ಆಗಲ್ಲ ಅಂದ್ರೆ ಇನ್ನಾರ ಕೈಲಿ ಆಗುತ್ತೆ ಅಪ್ಪ," ಎಂದ ಗಂಡ. ಮೂರು ವರ್ಷಗಳಲ್ಲಿ ಅವನು ತಂದೆಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ಎದ್ದು ಹಾಲು ತರಲು ಹೋದರು.

ಮೂರು ವಾರ ಸಂಜೆ ಆರರಿಂದ ಎಂಟರವರೆಗೆ ಮೇಜಿನ ತುಂಬ ಬಟ್ಟಲುಗಳು. ಬೆಟ್ಟದ ಎಲೆ ಮೂರು ಪಾಲು, ಬಯಲಿನ ಎಲೆ ಎರಡು, ಪುಡಿ ಒಂದು. ಬೇಡ, ಬೆಟ್ಟದ್ದು ಎರಡೂವರೆ. ಮಾವ ಬೆರೆಸುವರು, ಸೊಸೆ ನೀರು ಕಾಯಿಸುವಳು, ಅತ್ತೆ ಒಂದೊಂದು ಗುಟುಕು ಕುಡಿದು ಹೇಳುವರು. ಮಿಕ್ಕಿದ್ದನ್ನು ಚೆಲ್ಲಲು ಮನಸ್ಸು ಬಾರದೆ ಗಂಡ ಕುಡಿಯುತ್ತಿದ್ದ.

"ಇನ್ನೂ ಹಿಂದುಗಡೆ ಏನೋ ಸಾಲದು," ಎನ್ನುವರು ಅತ್ತೆ. "ನೀಲಿ ಡಬ್ಬದ್ದು ನುಂಗಿದ ಮೇಲೂ ಕೂತಿರುತ್ತೆ. ಇದು ಎದ್ದು ಹೋಗುತ್ತೆ."

ಇಪ್ಪತ್ತೊಂದನೆಯ ದಿನ ಅತ್ತೆ ಕಣ್ಣು ಮುಚ್ಚಿಕೊಂಡರು. ಸೊಸೆ ಬಟ್ಟಲುಗಳನ್ನು ಅದಲುಬದಲು ಮಾಡಿ ಕೊಟ್ಟಳು. ಅತ್ತೆ ಇದನ್ನು ಕುಡಿದರು, ಅದನ್ನು ಕುಡಿದರು, ಮತ್ತೆ ಇದನ್ನು ಕುಡಿದರು.

"ಯಾವುದು ಯಾವುದು ಅಂತ ನನಗೆ ಗೊತ್ತಾಗ್ತಿಲ್ಲ," ಎಂದರು.

ಮಾವ ಪಾಲುಗಳನ್ನು ಬರೆದುಕೊಂಡು ಅಡಿಗೆ ಎರಡು ಗೆರೆ ಎಳೆದರು.

ಗಿರಾಕಿಯ ಮನುಷ್ಯ ಬಂದ ದಿನ, ಎಷ್ಟು ದಿನದಲ್ಲಿ ಸರಕು ತಲುಪುತ್ತದೆಂಬ ಕಾಗದಗಳನ್ನು ತೋರಿಸಲು ಸೊಸೆಯ ಕಚೇರಿಯಿಂದಲೂ ಒಬ್ಬರು ಬೇಕಾಗಿತ್ತು. ಸಾಹೇಬರು ಅವಳನ್ನೇ ಕಳಿಸಿದರು. ಹೀಗೆ ಅವಳು ಮೊದಲ ಬಾರಿಗೆ ಆ ಕೋಣೆಯನ್ನು ಕಂಡಳು: ಉತ್ತರಕ್ಕೆ ಉದ್ದನೆಯ ಗಾಜಿನ ಕಿಟಕಿ, ಅದರ ಕೆಳಗೆ ಬಿಳಿ ಹಲಗೆ, ನಡುವೆ ಸೊಂಟದೆತ್ತರದ ತಗಡಿನ ಪೀಕದಾನಿ. ಬಿಳಿ ಕೋಟು ತೊಟ್ಟ ಮಾವ ಮನೆಯಲ್ಲಿ ಕಾಣುವುದಕ್ಕಿಂತ ಒಂದು ಗೇಣು ಎತ್ತರ ಕಂಡರು.

ಬಂದಾತ ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಪೆಟ್ಟಿಗೆ ತೆರೆದು ಬಟ್ಟೆ ಸುತ್ತಿದ ನಾಲ್ಕು ಬಾಟಲಿ ತೆಗೆದಿಟ್ಟ. ಮದ್ಯವೇನೋ ಎಂದುಕೊಂಡಳು ಸೊಸೆ. ಅದು ನೀರು. ಅವನ ಊರಿನ ನಲ್ಲಿಯ ನೀರು. ಅಲ್ಲಿ ಜನ ಕುಡಿಯುವುದು ಇದರಲ್ಲೇ ಮಾಡಿದ ಚಹಾ ಎಂದು ಅವನು ಹೇಳಿದ್ದನ್ನು ಮೇಡಂ ಎಲ್ಲರಿಗೂ ತಿಳಿಸಿದಳು. ಕೆಟಲಿಗೆ ಸುರಿದರು.

ನೀರಿನ ವಿಷಯ ಮಾವನಿಗೆ ಗೊತ್ತಿಲ್ಲದ್ದಲ್ಲ. ಯಾವ ಊರಿನ ನೀರಿಗೆ ಯಾವ ಎಲೆ ಎಂಬುದು ಈ ಕೆಲಸದ ಮೊದಲ ಪಾಠ. ಆದರೆ ಮೂವತ್ತು ವರ್ಷ ಅದನ್ನು ನೋಡಿಕೊಂಡಿದ್ದು ಅವರ ಬಾಯಿ. ತಲೆಗೆ ಅದನ್ನು ನೆನಪಿಡುವ ಅಭ್ಯಾಸವೇ ಇರಲಿಲ್ಲ.

ಆರು ಬಟ್ಟಲು. ಮೂರರಲ್ಲಿ ನೀಲಿ ಡಬ್ಬದ್ದು, ಮೂರರಲ್ಲಿ ಮಾವನದ್ದು, ಅದಲುಬದಲಾಗಿ ಇಟ್ಟಿದ್ದರು. ಬೇರೆ ಅನ್ನಿಸಿದ್ದನ್ನು ಮುಂದಕ್ಕೆ ಸರಿಸಬೇಕು. ಮಾವ ಮೊದಲು ಹೋದರು. ಸೊರ್ರೆಂದು ಹೀರುವ ಸದ್ದು ಆರು ಸಲ, ಉಗಿಯುವ ಸದ್ದು ಆರು ಸಲ. ಎಲ್ಲ ಲಕ್ಷಣವಾಗಿತ್ತು. ಕೊನೆಗೆ ಚಮಚ ತೊಳೆದು, "ಎಲ್ಲ ಒಂದೇ ಮೇಡಂ," ಎಂದರು.

ಆ ಮನುಷ್ಯ ಬಾಗಿದ. ಎರಡನೆಯದನ್ನು ಮುಂದೆ ಸರಿಸಿದ, ಮೂರನೆಯದನ್ನು ಸರಿಸಿದ, ಆರನೆಯದನ್ನು ಸರಿಸಿದ. ಒಂದರಲ್ಲೂ ಹಿಂದೆ ಮುಂದೆ ನೋಡಲಿಲ್ಲ. ಆಮೇಲೆ ಮೇಡಂ ತಾನೇ ಚಮಚ ತೆಗೆದುಕೊಂಡು ಆ ಮೂರನ್ನೂ ನೋಡಿದಳು, ಹಿಂದೆ ಉಳಿದ ಮೂರನ್ನೂ ನೋಡಿದಳು. ಅವಳ ದೃಷ್ಟಿ ನೆಲಕ್ಕೆ ಹೋಯಿತು.

ಮಾವ ತೊಳೆದ ಚಮಚವನ್ನು ಮತ್ತೆ ತೊಳೆದರು.

"ಮೇಡಂ," ಎಂದಳು ಸೊಸೆ ಬಾಗಿಲ ಹತ್ತಿರದಿಂದ. ಫೈಲು ಎದೆಗೆ ಒತ್ತಿಕೊಂಡಿತ್ತು. "ಮಾವ ಬೆರೆಸಿದ್ದನ್ನ ನಮ್ಮನೆ ನೀರಲ್ಲಿ ನೋಡಿದ್ದು. ನಮ್ಮದು ಬೋರ್‌ವೆಲ್ ನೀರು."

"ನಿಮ್ಮನೇಲಿ?" ಮೇಡಂ ತಿರುಗಿದಳು. "ನಿಮ್ಮನೇಲಿ ಯಾರು ನೋಡಿದ್ದು?"

ಸೊಸೆ ಮಾವನ ಕಡೆ ನೋಡಿದಳು. ಮಾವ ಕಿಟಕಿಯ ಕಡೆ ನೋಡುತ್ತಿದ್ದರು. ಮೇಡಂ ಆ ಬಿಳಿ ಕೋಟಿನ ಬೆನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಂದಾತನ ಭಾಷೆಯಲ್ಲಿ ಏನೋ ಹೇಳಿದಳು. ಅವನು ಮೂರು ಬೆರಳು ಎತ್ತಿ ತೋರಿಸಿದ. ಮೂರು ದಿನ. ಮಿಕ್ಕಿದ್ದ ಎರಡು ಬಾಟಲಿಗಳನ್ನು ಮೇಡಂ ಎತ್ತಿಕೊಂಡು ಬಂದು ಕೊಟ್ಟಿದ್ದು ಮಾವನ ಕೈಗಲ್ಲ.

"ಮನೆಗೆ ತಗೊಂಡು ಹೋಗಿ," ಎಂದಳು ಸೊಸೆಗೆ. "ಜೋಪಾನ. ಯಾರಾದ್ರೂ ಇದರಲ್ಲಿ ಅನ್ನ ಮಾಡಿಬಿಟ್ಟಾರು."

ಮನೆಯವರೆಗೆ ಮಾವ ಹತ್ತು ಹೆಜ್ಜೆ ಮುಂದೆ, ಸೊಸೆ ಬಾಟಲಿಗಳೊಂದಿಗೆ ಹಿಂದೆ. ಮಾವ ಸೀದಾ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಸೊಸೆ ಅಡುಗೆಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಅತ್ತೆ ಕೇಳಿದರು, ಬಾಟಲಿಗಳನ್ನು ಗೂಡಿನಲ್ಲಿಟ್ಟರು.

"ನಾನು ಮುಟ್ಟಲ್ಲ," ಎಂದರು.

"ಅತ್ತೆ, ಮೂರೇ ದಿನ ಇರೋದು."

"ಇರಲಿ. ಇಷ್ಟು ದಿನ ಅವರು ಕೇಳ್ತಿದ್ದಿದ್ದು ಏನಂತೀಯಾ ಅಂತ. ನಾನು ಹೇಳ್ತಿದ್ದಿದ್ದು ಬಾಯಿಗೆ ಬಂದಿದ್ದು. ಅದು ಮಾತುಕತೆ. ಇದು ಕೆಲಸ. ಕೆಲಸ ಬೇಕಾದೋರು ಬಂದು ಕೇಳಲಿ."

ಮರುದಿನ ಆರಕ್ಕೆ ಮಾವ ತಾವೇ ಬಟ್ಟಲು ಜೋಡಿಸಿಕೊಂಡು ಕೂತರು. ಅತ್ತೆ ಹಿತ್ತಲಿನಲ್ಲಿ, ಒಣಗಿದ್ದ ಬಟ್ಟೆಗಳನ್ನೇ ಮತ್ತೆ ಕೊಡವಿ ತಂತಿಗೆ ಹಾಕುತ್ತಿದ್ದರು. ಮಾವ ಏಳರವರೆಗೆ ಕೂತಿದ್ದು ಬಟ್ಟಲುಗಳನ್ನು ಎತ್ತಿಟ್ಟರು. ಊಟಕ್ಕೆ ಕೂತಾಗ ಗಂಡನ ತಾಳ್ಮೆ ಕೆಟ್ಟಿತು.

"ಏನಾಗಿದೆ ಈ ಮನೆಗೆ? ಯಾರಾದ್ರೂ ಬಾಯಿ ಬಿಡ್ತೀರಾ?"

ಮಾವ ಕೈ ತೊಳೆದುಕೊಂಡು ಎದ್ದುಹೋದ ಮೇಲೆ ಅತ್ತೆಯೇ ಹೇಳಿದರು, ನಾಲ್ಕು ಮಾತಿನಲ್ಲಿ. ಗಂಡ ತಟ್ಟೆಯ ಸೋರೆಕಾಯಿಯನ್ನೇ ನೋಡಿದ.

"ಅಂದ್ರೆ ಒಂಬತ್ತು ತಿಂಗಳಿಂದ ಈ ಸಪ್ಪೆ ಯಾರಿಗೋಸ್ಕರ ತಿಂತಿದೀವಿ?"

"ನನಗೋಸ್ಕರ," ಎಂದರು ಅತ್ತೆ. "ಇಪ್ಪತ್ತಾರು ವರ್ಷ ಅವರ ತಟ್ಟೇಲಿ ಏನಿತ್ತೋ ನನ್ನ ತಟ್ಟೇಲೂ ಅದೇ ಇತ್ತು. ಕೆಡದೇ ಉಳಿದಿದ್ದು ಅವರೊಬ್ಬರ ನಾಲಿಗೆ ಅಂದ್ಕೊಂಡಿದ್ರಾ ಎಲ್ಲರೂ?"

ಎರಡನೆಯ ದಿನ ಸಂಜೆ ಅತ್ತೆ ಸೊಪ್ಪು ಬಿಡಿಸುತ್ತಿದ್ದಾಗ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರು ಅಲ್ಲಿಗೆ ಬರುವವರಲ್ಲ. ಸೊಸೆ ಏಳಲು ಹೋದಳು. "ನೀನು ಕೂತ್ಕೋ," ಎಂದರು ಅತ್ತೆ.

"ನನಗೆ ಗೊತ್ತಾಗಲ್ಲ," ಎಂದರು ಮಾವ.

"ಏನು ಗೊತ್ತಾಗಲ್ಲ?"

"ಯಾವುದೂ. ಬಿಸಿ ಗೊತ್ತಾಗುತ್ತೆ. ಬಣ್ಣ ಕಾಣುತ್ತೆ. ಅಷ್ಟೇ."

"ಯಾವಾಗಿಂದ?"

"ನಿನಗೆ ಗೊತ್ತಿದೆಯಲ್ಲ."

"ನೀವು ಹೇಳಿ."

ಮಾವ ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿದರು. "ಜ್ವರ ಬಂದಾಗಿಂದ."

ಅತ್ತೆ ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡಿ ಬುಟ್ಟಿಗೆ ಹಾಕಿದರು, ಕೈ ಒರೆಸಿಕೊಂಡರು.

"ನೀರು ಕಾಯಿಸಮ್ಮಾ," ಎಂದರು ಸೊಸೆಗೆ. "ಆ ಬಾಟಲಿದು."

ಒಂದೂವರೆ ಬಾಟಲಿ ಮುಗಿಯುವ ಹೊತ್ತಿಗೆ ಬೆಟ್ಟದ ಎಲೆ ಒಂದು ಪಾಲು ಇಳಿದು ಬಯಲಿನ ಎಲೆ ಒಂದು ಪಾಲು ಏರಿತ್ತು. ಮಾವ ಬರೆದುಕೊಳ್ಳಲು ಪುಸ್ತಕ ತೆಗೆದವರು ಅದನ್ನು ಹೆಂಡತಿಯ ಮುಂದಿಟ್ಟರು. "ನೀನೇ ಬರಿ." ಅತ್ತೆ ದಪ್ಪ ದಪ್ಪ ಅಕ್ಷರದಲ್ಲಿ ಬರೆದರು: ಗೋಣಿ ಇಲ್ಲ. ಹಿಂದುಗಡೆ ಕೂತಿದೆ.

ಮೂರನೆಯ ದಿನ ಮಾವ ಆ ಬೆರಕೆಯನ್ನು ಕಂಪನಿಗೆ ಕೊಟ್ಟು ಬಂದರು. ಎರಡು ವಾರದ ಮೇಲೆ ಮೇಡಂ ತಾನೇ ಕಾರಿನಲ್ಲಿ ಬಂದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೊಟ್ಟ ನೀರನ್ನು ಕುಡಿಯುವ ಮೊದಲು ಒಂದು ಕ್ಷಣ ಬಾಯಲ್ಲಿ ಹಿಡಿದು ನೋಡಿದಳು.

"ರುಚಿ ಒಪ್ಪಿದ್ರು," ಎಂದಳು. "ಒಂದು ಮಾತೂ ಆಡಲಿಲ್ಲ. ಆರೂ ಬಟ್ಟಲು ಇದ್ದಲ್ಲೇ ಇದ್ದವು."

ಇನ್ನೂ ಏನೋ ಇದೆಯೆಂದು ಅವಳ ದನಿಯಲ್ಲೇ ಇತ್ತು.

"ಆದ್ರೆ ಹೋದ ವಾರ ಆ ಕಡೆಯವರು ಬೆಲೆ ಮತ್ತೆ ಆರು ಸೆಂಟು ಇಳಿಸಿದ್ರು. ವರ್ಷದ ಆರ್ಡರ್ ಅಂದಿದ್ದೋರು ಈಗ ಮೂರು ತಿಂಗಳಿಗೆ ಕೊಟ್ಟಿದಾರೆ. ಆಮೇಲೆ ಯಾರದು ಅಗ್ಗವೋ ನೋಡ್ತಾರಂತೆ. ಆ ಕೋಣೆಗೆ ಒಬ್ಬರನ್ನ ಇಟ್ಕೋಬಹುದು ನಾನು. ಬೆಳಿಗ್ಗೆ ಏಳರಿಂದ ಒಂದರವರೆಗೆ. ಅರ್ಧ ಸಂಬಳ." ಅವಳು ಗೋಡೆಯ ಗಡಿಯಾರಕ್ಕೆ ಹೇಳುವಂತೆ ಹೇಳಿದಳು. "ಒಬ್ಬರನ್ನ."

"ನಾಳೆಯಿಂದ ಇವಳನ್ನ ಕಳಿಸ್ತೀನಿ," ಎಂದರು ಮಾವ.

"ಕಳಿಸೋದೇನು ಬಂತು," ಎಂದರು ಅತ್ತೆ. "ನನಗೂ ಕಾಲಿದೆ."

ಕಾರು ಹೋದ ಮೇಲೆ ಮಾವ ಬಿಳಿ ಕೋಟಿನ ಜೇಬಿನಿಂದ ಚಮಚ ತೆಗೆದು ಹೆಂಡತಿಗೆ ಕೊಟ್ಟರು. ಹಿಡಿಯ ಮೇಲೆ ಅವರ ಹೆಬ್ಬೆಟ್ಟು ಕೂರುವ ಕಡೆ ಬೆಳ್ಳಿ ಬಣ್ಣ ಸವೆದು ಹಳದಿಯಾಗಿತ್ತು. ಅತ್ತೆ ಅದನ್ನು ತೊಳೆದು ತಮ್ಮ ಚೀಲಕ್ಕೆ ಹಾಕಿಕೊಂಡರು.

"ಇನ್ನು ಬಾಡಿಗೆ ಮನೆ ನೋಡೋಣವಾ?" ಎಂದ ಗಂಡ ಅವತ್ತು ಸೊಸೆಗೆ. "ಅಪ್ಪ ರಿಟೈರ್ ಆದ ಹಾಗೇ ಆಯ್ತಲ್ಲ."

"ಮೂರು ತಿಂಗಳು ಕಳೀಲಿ," ಎಂದಳು ಅವಳು.

ಅತ್ತೆ ಕೆಲಸಕ್ಕೆ ಹೋಗತೊಡಗಿದ ಎರಡನೆಯ ಭಾನುವಾರ, ಸೊಸೆ ಮಾರುಕಟ್ಟೆಯಿಂದ ತಂದ ಚೀಲವನ್ನು ಮೇಜಿನ ಮೇಲೆ ಸುರಿದಳು. ತರಕಾರಿಯ ನಡುವಿನಿಂದ ಬೆಳ್ಳುಳ್ಳಿ ಉರುಳಿ ಬಂತು. ಅವಳು ಅದನ್ನು ಬಚ್ಚಿಡಲಿಲ್ಲ.

"ಸ್ವಲ್ಪ ಹುರೀಲಾ ಅತ್ತೆ? ಮಾವನಿಗೂ."

ಅತ್ತೆ ಕಿಟಕಿಯ ಬಳಿ ಡಬ್ಬಗಳ ಚೀಟಿ ಓದುತ್ತಿದ್ದರು. "ಮನೆಯೊಳಗೆ ಬೇಡ. ನಾಳೆ ನೂರಿಪ್ಪತ್ತು ಬಟ್ಟಲಿದೆ ನನಗೆ. ಹಿತ್ತಲಿಗೆ ತಗೊಂಡು ಹೋಗು."

ಸೊಸೆ ಸಣ್ಣ ಗ್ಯಾಸ್ ಒಲೆಯನ್ನು ಹಿತ್ತಲಿಗೆ ಹೊತ್ತಳು. ಮಾವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಟ್ಟೆ ಹಿಡಿದು ಕೂತರು. ಹುರಿದ ಬೆಳ್ಳುಳ್ಳಿಯನ್ನು ಅಗಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಅವರು ತಿಂದದ್ದು ಬೆಳ್ಳುಳ್ಳಿಯೋ ಬೇಯಿಸಿದ ಆಲೂಗಡ್ಡೆಯೋ ಹೇಳುವಂತಿರಲಿಲ್ಲ. ಆಮೇಲೆ ಮೆಣಸಿನಕಾಯಿಯ ಒಂದು ತುಂಡನ್ನು ಕಚ್ಚಿದರು. ಕಿವಿಯ ತುದಿ ಕೆಂಪಾಯಿತು, ಹಣೆಯಲ್ಲಿ ಬೆವರೊಡೆಯಿತು, ಕಣ್ಣು ತುಂಬಿ ನೀರು ಗಲ್ಲಕ್ಕೆ ಇಳಿಯಿತು.

"ನೀರು ತರ್ಲಾ ಮಾವ?"

ಅವರು ಬೇಡವೆಂದು ಕೈಯಾಡಿಸಿದರು. ಬಾಯಿ ತೆರೆದು ಗಾಳಿ ಎಳೆದುಕೊಂಡರು, ಕಂಪನಿಯ ಕೋಣೆಯಲ್ಲಿ ಎಳೆದುಕೊಳ್ಳುತ್ತಿದ್ದ ಹಾಗೆಯೇ, ಸೊರ್ರೆಂದು.

"ಗೊತ್ತಾಯ್ತು," ಎಂದರು. "ಇದು ಗೊತ್ತಾಗುತ್ತೆ."

ಗೋಡೆಗೆ ಒರಗಿ ನಿಂತಿದ್ದ ಗಂಡ ನಗಲು ಹೋದವನು ತಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡ. ಮಾವ ತಟ್ಟೆಯನ್ನು ಮುಂದೆ ಚಾಚಿದರು.

"ಇನ್ನೊಂದು ಹಾಕಮ್ಮಾ."

ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ಮುಖ ಕಾಣಿಸಿತು. ಮೂಗಿಗೆ ಸೆರಗು ಹಿಡಿದಿದ್ದರು.

"ಒಳಗೆ ಬರೋ ಮುಂಚೆ ಬಾಯಿ ತೊಳ್ಕೊಂಡು ಬನ್ನಿ," ಎಂದರು. "ಮೂವರೂ. ಉಪ್ಪು ಹಾಕಿ."

ಕಿಟಕಿ ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು.